ರೇಸ್ ಕಾರು ಮಾರುವುದು ಹೇಗೆ: ಇಡಿಯಾಗಿಯೋ, ಇಂಜಿನ್ ಇಳಿಸಿಯೋ, ಬಿಡಿಬಿಡಿಯಾಗಿಯೋ?

ಪಕ್ಕದ ಮನೆಯ ಯಜಮಾನರ ಗ್ಯಾರೇಜಿನಲ್ಲಿ ಒಂದು ದಪ್ಪ ಫೈಲ್ ಇದೆ. ಅದರಲ್ಲಿರುವುದು ಅವರು ಮಾರಲು ಹೊರಟ ರೇಸ್ ಕಾರಿನ ಹನ್ನೊಂದು ವರ್ಷದ ಬಿಲ್ಲುಗಳು. ಒಂದು ಚಳಿಗಾಲದ ಭಾನುವಾರ ಇಬ್ಬರೂ ಕೂತು ಅವನ್ನೆಲ್ಲ ಕೂಡಿದೆವು. 81,000 ಡಾಲರ್ ಬಂತು. ಅವರು ಕನ್ನಡಕ ತೆಗೆದಿಟ್ಟು, "ಎಪ್ಪತ್ತೈದು ಸಾವಿರ ಅಂತ ಹಾಕಿಬಿಡು. ಸ್ವಲ್ಪ ಕೈ ಕಚ್ಚಿದರೂ ಪರವಾಗಿಲ್ಲ" ಅಂದರು.

ನಾನು ಸುಮ್ಮನಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಗಾದೆಯನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಳುವುದು ಹೇಗೆ ಅಂತ ಹೊಳೆಯಲಿಲ್ಲ.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಶಾರ್ಲೆಟ್ ಹತ್ತಿರ. ಇಲ್ಲಿಂದ ಸ್ವಲ್ಪ ದೂರದ ಕಾನ್‌ಕರ್ಡ್‌ನಲ್ಲಿ ಝೀಮ್ಯಾಕ್ಸ್ ಡ್ರ್ಯಾಗ್‌ವೇ ಇದೆ. 2008ರಲ್ಲಿ ಶುರುವಾದ ಡ್ರ್ಯಾಗ್ ರೇಸಿನ ಟ್ರ್ಯಾಕ್. ನಿಂತಲ್ಲಿಂದ ಹೊರಟು, ನೇರ ದಾರಿಯಲ್ಲಿ ಯಾರು ಮೊದಲು ಮುಟ್ಟುತ್ತಾರೆ ಅನ್ನುವುದೇ ಡ್ರ್ಯಾಗ್ ರೇಸ್. ಒಟ್ಟಿಗೆ ನಾಲ್ಕು ಕಾರು ಓಡುವಷ್ಟು ಅಗಲ. ಯಜಮಾನರು ನಿವೃತ್ತ ವೆಲ್ಡರ್. ನಾನು ಶನಿವಾರದ ಸ್ಪ್ಯಾನರ್ ಹುಡುಗ, ವಯಸ್ಸು ನಲವತ್ತಾರು.

ಮಾರಬೇಕಿದ್ದದ್ದು 1971ರ ಶೆವರ್ಲೆ ನೋವಾ. ಹೊರಗಿನಿಂದ ನೋಡಿದರೆ ಹಳೇ ಕಾರು, ಒಳಗೆ ಪೂರ್ತಿ ಬೇರೆ. ಹಿಂಭಾಗದ ಚಾಸಿಯನ್ನು ಕತ್ತರಿಸಿ ಹೊಸದಾಗಿ ಕಟ್ಟಿದ್ದರು. ಇಂಜಿನ್ 540 ಘನ ಇಂಚಿನ ಬಿಗ್ ಬ್ಲಾಕ್, ಅಂದರೆ ಸುಮಾರು 8.8 ಲೀಟರ್. ನಮ್ಮೂರಿನ ಹನ್ನೊಂದು ಮಾರುತಿ 800ಗಳ ಇಂಜಿನ್ ಸೇರಿಸಿದಂತೆ. ಹಿಂದೆ ಫೋರ್ಡ್‌ನ 9 ಇಂಚಿನ ಆಕ್ಸಲ್. ಎರಡೇ ಗೇರಿನ ಪವರ್‌ಗ್ಲೈಡ್ ಗೇರ್‌ಬಾಕ್ಸ್. ಈ ಪವರ್‌ಗ್ಲೈಡ್ ಅನ್ನು ಕಂಪನಿ ತಯಾರಿಸುತ್ತಿದ್ದದ್ದು 1950ರಿಂದ 1973ರವರೆಗೆ ಅಷ್ಟೇ. ಆದರೆ ಡ್ರ್ಯಾಗ್ ರೇಸಿನವರು ಅದನ್ನು ಇವತ್ತಿಗೂ ಬಿಟ್ಟಿಲ್ಲ. ಗೇರ್ ಬದಲಾಗುವುದು ಒಂದೇ ಸಲ. ಹಾಗಾಗಿ ಪ್ರತಿ ಓಟವೂ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ಕಾಲು ಮೈಲಿಯನ್ನು, ಅಂದರೆ 1,320 ಅಡಿಯನ್ನು, ಈ ಕಾರು 9.3 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಿತ್ತು.

ಇಂಥ ಕಾರನ್ನು ಮಾರಲು ಮೂರು ದಾರಿ ಇವೆ. ಇಡಿಯಾಗಿ, ಅಂದರೆ ಕೀಲಿ ತಿರುಗಿಸಿದರೆ ಓಡುವ ಹಾಗೆ ಕೊಡುವುದು. ಇಂಜಿನ್ ಮತ್ತು ಗೇರ್‌ಬಾಕ್ಸ್ ಇಳಿಸಿ, ಬರೀ ಉರುಳುವ ಕಾರನ್ನು ಕೊಡುವುದು. ಇಲ್ಲಿನವರು ಅದನ್ನು ರೋಲರ್ ಅನ್ನುತ್ತಾರೆ. ಇಲ್ಲಾಂದರೆ ಪೂರ್ತಿ ಬಿಚ್ಚಿ ಬಿಡಿಭಾಗಗಳಾಗಿ ಮಾರುವುದು. ಯಾವುದು ಲಾಭ ಅನ್ನುವುದಕ್ಕಿಂತ ಮೊದಲು, ಕೊಳ್ಳುವವನು ಯಾವುದಕ್ಕೆ ದುಡ್ಡು ಕೊಡುತ್ತಾನೆ ಅಂತ ತಿಳಿಯಬೇಕು.

ಮಜೂರಿ ಯಾರೂ ವಾಪಸ್ ಕೊಡುವುದಿಲ್ಲ

ನಮ್ಮತ್ತೆಯವರು ಒಮ್ಮೆ ದಾವಣಗೆರೆಯಲ್ಲಿ ಹಳೇ ಬಳೆ ಮಾರಲು ಹೋಗಿದ್ದರು. ಮಾಡಿಸಿದಾಗ ಕೊಟ್ಟ ಮಜೂರಿ, ವೇಸ್ಟೇಜು ಎಲ್ಲ ಲೆಕ್ಕ ಹಾಕಿಕೊಂಡು ಹೋದವರು. ಅಂಗಡಿಯವನು ಕಲ್ಲಿನ ತೂಕ ಕಳೆದ, ಉಳಿದ ಚಿನ್ನ ತೂಗಿದ, ಅವತ್ತಿನ ರೇಟು ಹೇಳಿದ. ಅಷ್ಟೇ. ಕೈಕೆಲಸ ಎಷ್ಟು ಚೆನ್ನಾಗಿದೆ ಅಂತ ಅತ್ತೆ ತೋರಿಸಿದರೆ, "ಚೆನ್ನಾಗಿದೆಯಮ್ಮಾ" ಅಂದನಂತೆ. ರೇಟು ಮಾತ್ರ ಬದಲಾಗಲಿಲ್ಲ.

ಕೈಯಾರೆ ಕಟ್ಟಿದ ರೇಸ್ ಕಾರಿನ ಕಥೆಯೂ ಇದೇ. ಯಜಮಾನರ ಫೈಲಿನಲ್ಲಿ ಬಣ್ಣಕ್ಕೆ ಕೊಟ್ಟದ್ದಿತ್ತು, ಎರಡು ಸಲ ಬದಲಾಯಿಸಿದ ವೈರಿಂಗ್ ಇತ್ತು, ಒಡೆದುಹೋದ ಹಳೇ ಇಂಜಿನ್ನಿನ ಬಿಲ್ಲೂ ಇತ್ತು. ಒಡೆದ ಇಂಜಿನ್ನಿಗೆ ಹೊಸಬ ಯಾಕೆ ದುಡ್ಡು ಕೊಡಬೇಕು? ಅವನಿಗೆ ಬೇಕಾದದ್ದು ಮುಂದಿನ ಸೀಸನ್ನಿನಲ್ಲಿ ಈ ಕಾರು ಏನು ಮಾಡುತ್ತದೆ ಅನ್ನುವುದು.

ಇನ್ನೊಂದು ತಪ್ಪನ್ನು ನಾನೇ ಮಾಡಿದೆ. ನೆಟ್ಟಿನಲ್ಲಿ ಬೇರೆ ನೋವಾಗಳ ಜಾಹೀರಾತು ನೋಡಿ, ಅದರ ಸರಾಸರಿ ತೆಗೆದೆ. ಎರಡು ತಿಂಗಳು ಬಿಟ್ಟು ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಅಲ್ಲೇ ಇದ್ದವು. ಸರಿಯಾದ ಬೆಲೆಯ ಕಾರು ಮಾರಾಟವಾಗಿ ಮಾಯವಾಗುತ್ತದೆ. ದುಬಾರಿ ಹೇಳಿದ ಕಾರೇ ವರ್ಷಗಟ್ಟಲೆ ಕಣ್ಣಿಗೆ ಬೀಳುತ್ತಾ ಇರುತ್ತದೆ. ಹಾಗಾಗಿ ಜಾಹೀರಾತಿನ ಬೆಲೆ ನೋಡಬೇಡಿ. ನಿಮ್ಮ ಥರದ ಕಾರು ಮಾರಿದವರನ್ನು ಟ್ರ್ಯಾಕಿನಲ್ಲಿ ಹಿಡಿದು, ಕೊನೆಗೆ ಎಷ್ಟಕ್ಕೆ ಹೋಯಿತು ಅಂತ ಕೇಳಿ. ಮೊದಲು ಅಡ್ಡಾದಿಡ್ಡಿ ಉತ್ತರ ಬರುತ್ತದೆ. ಒಂದು ಹಾಟ್ ಡಾಗ್ ಕೊಡಿಸಿದರೆ ನಿಜ ಹೇಳುತ್ತಾರೆ.

ಜಾಸ್ತಿ ವೇಗ ಅಂದರೆ ಜಾಸ್ತಿ ಬೆಲೆ ಅಲ್ಲ

ಹೊಸಬರಿಗೆ ನಂಬಲು ಕಷ್ಟವಾಗುವ ಮಾತು ಇದು. ಟಿವಿಯಲ್ಲಿ ಕಾಣುವುದು ಬೆಂಕಿ ಉಗುಳುವ ಟಾಪ್ ಫ್ಯೂಯೆಲ್ ಕಾರುಗಳು. ಅವು ದೊಡ್ಡ ತಂಡಗಳ ಆಟ. 2008ರಲ್ಲಿ ಸ್ಕಾಟ್ ಕಲಿಟ್ಟ ಅನ್ನುವ ಚಾಲಕ ಟ್ರ್ಯಾಕಿನಲ್ಲಿ ಸತ್ತ ಮೇಲೆ ಅವುಗಳ ಓಟವನ್ನೇ 1,320 ಅಡಿಯಿಂದ 1,000 ಅಡಿಗೆ ಇಳಿಸಿದರು. ಆದರೆ ವಾರಾಂತ್ಯದಲ್ಲಿ ಟ್ರೇಲರ್ ಎಳೆದುಕೊಂಡು ಬರುವ ಸಾವಿರಾರು ಜನ ಆಡುವುದು ಬ್ರ್ಯಾಕೆಟ್ ರೇಸ್. ಅಲ್ಲಿ ನಿಮ್ಮ ಕಾರು ಎಷ್ಟು ಸೆಕೆಂಡಿಗೆ ಮುಗಿಸುತ್ತದೆ ಅಂತ ನೀವೇ ಮೊದಲು ಗಾಜಿನ ಮೇಲೆ ಬರೆಯುತ್ತೀರಿ. ಎರಡು ಕಾರಿನ ಟೈಮಿಗೆ ಎಷ್ಟು ವ್ಯತ್ಯಾಸವೋ, ನಿಧಾನದ ಕಾರಿಗೆ ಅಷ್ಟು ಹೊತ್ತು ಮುಂಚೆ ಹಸಿರು ದೀಪ ಬೀಳುತ್ತದೆ. ಬರೆದದ್ದಕ್ಕಿಂತ ಬೇಗ ಹೋದರೆ ಸಾಮಾನ್ಯವಾಗಿ ಸೋಲು. ಅಲ್ಲಿ ಗೆಲ್ಲುವುದು ಹತ್ತು ಸಲ ಓಡಿಸಿದರೂ ಒಂದೇ ಟೈಮ್ ಕೊಡುವ ಕಾರು. ಇಲ್ಲಿ ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ಸೂಪರ್ ಕಾಂಪ್, ಸೂಪರ್ ಗ್ಯಾಸ್, ಸೂಪರ್ ಸ್ಟ್ರೀಟ್ ವರ್ಗಗಳಿಗಂತೂ ಟೈಮೇ ನಿಗದಿ: 8.90, 9.90, 10.90 ಸೆಕೆಂಡ್.

ಈಗ ಕಾನೂನಿನ ಮೆಟ್ಟಿಲು ನೋಡಿ. ಅದೇ ಸಂಸ್ಥೆಯ ನಿಯಮದ ಪ್ರಕಾರ, ಸಾಮಾನ್ಯವಾಗಿ 11.49 ಸೆಕೆಂಡಿಗೆ ಬಂದರೆ ಕಾರಿನೊಳಗೆ ರೋಲ್ ಬಾರ್ ಬೇಕು, ಅಂದರೆ ಕಾರು ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಕೊಳವೆ. 9.99ಕ್ಕೆ ಇಳಿದರೆ ಚಾಸಿಗೆ ಸರ್ಟಿಫಿಕೇಟು ಬೇಕು, ಓಡಿಸುವವನಿಗೆ ಸ್ಪರ್ಧೆಯ ಲೈಸೆನ್ಸು ಬೇಕು. ಗಂಟೆಗೆ 150 ಮೈಲಿ ಮುಟ್ಟಿದರೆ ಪ್ಯಾರಾಚೂಟು ಕಡ್ಡಾಯ. 8.50ಕ್ಕಿಂತ ಬೇಗ ಹೋದರೆ ಚಾಸಿಯ ನಿಯಮ ಮತ್ತೂ ಬಿಗಿ. ಒಂದೊಂದು ಮೆಟ್ಟಿಲು ಇಳಿದ ಹಾಗೂ ಆ ಕಾರನ್ನು ನಾಳೆಯೇ ಓಡಿಸಬಲ್ಲ ಗಿರಾಕಿಗಳು ಕಡಿಮೆಯಾಗುತ್ತಾರೆ. 7.6 ಸೆಕೆಂಡಿನ ಕಾರು ಕಟ್ಟಲು ಆನೆ ಸಾಕಿದಷ್ಟು ಖರ್ಚು. ಮಾರುವಾಗ ಮಾವುತನನ್ನೇ ಹುಡುಕಬೇಕು.

ನಮ್ಮ 9.3ರ ಕಾರು ಒಳ್ಳೇ ಜಾಗದಲ್ಲಿತ್ತು. ಓಟದ ನಡುವೆ ಇಂಜಿನ್ನನ್ನು ಸ್ವಲ್ಪ ಹೊತ್ತು ತಡೆಹಿಡಿಯುವ ಥ್ರಾಟಲ್ ಸ್ಟಾಪ್ ಹಾಕಿ ತಗ್ಗಿಸಿದರೆ 9.90ರ ವರ್ಗಕ್ಕೂ ಸಲ್ಲುತ್ತದೆ. ವೇಗ 145 ಮೈಲಿ ದಾಟದ್ದರಿಂದ ಪ್ಯಾರಾಚೂಟಿನ ಗೋಜಿಲ್ಲ. ಜಾಹೀರಾತು ಬರೆಯುವಾಗ ನಾನು ಇಂಜಿನ್ನಿನ ಹಾರ್ಸ್‌ಪವರ್ ಮೊದಲ ಸಾಲಿಗೆ ಹಾಕಿದ್ದೆ. ಯಜಮಾನರು ಅದನ್ನು ಹೊಡೆದುಹಾಕಿ, ಚಾಸಿ ಸರ್ಟಿಫಿಕೇಟಿನ ತಾರೀಕು ಮತ್ತು ಓಟ ಮುಗಿದ ಮೇಲೆ ಟ್ರ್ಯಾಕಿನವರು ಕೊಡುವ ಟೈಮ್ ಚೀಟಿ, ಒಂದೇ ದಿನದ ಆರು, ಹಾಕಿಸಿದರು. ಫೋನು ಬರಲು ಶುರುವಾದದ್ದು ಆಮೇಲೆಯೇ.

ಚೀಟಿಯ ವಿಷಯ ಬಂತು ಅಂತ ಹೇಳುತ್ತೇನೆ. ಅದು ಯಾವ ಊರಿನದು ಅನ್ನುವುದನ್ನೂ ಗಿರಾಕಿ ನೋಡುತ್ತಾನೆ. ಕೊಲರಾಡೊದ ಡೆನ್ವರ್ ಬಳಿ ಬ್ಯಾಂಡಿಮೀರ್ ಅಂತ ಟ್ರ್ಯಾಕ್ ಇತ್ತು, 2023ರಲ್ಲಿ ಮುಚ್ಚಿತು. ಸಮುದ್ರ ಮಟ್ಟದಿಂದ ಸುಮಾರು 5,800 ಅಡಿ ಎತ್ತರ. ಗಾಳಿ ತೆಳು, ಟರ್ಬೊ ಇಲ್ಲದ ಇಂಜಿನ್ನಿಗೆ ಏದುಸಿರು. ಅಲ್ಲಿ 9.9 ಬಂದ ಕಾರು ತಗ್ಗಿನ ಊರಲ್ಲಿ ಸಲೀಸಾಗಿ ಇನ್ನೂ ಬೇಗ ಹೋಗುತ್ತದೆ. ನಮ್ಮ ಕಡೆ, ದಕ್ಷಿಣದ ರಾಜ್ಯಗಳಲ್ಲಿ, ಎಷ್ಟೋ ಟ್ರ್ಯಾಕುಗಳು ಕಾಲು ಮೈಲಿಯವೇ ಅಲ್ಲ, ಎಂಟನೇ ಒಂದು ಮೈಲಿಯವು. 660 ಅಡಿ. ಎರಡೂ ದೂರದ ಟೈಮ್ ಕೊಟ್ಟರೆ ಅರ್ಧ ಪ್ರಶ್ನೆ ಮುಗಿಯಿತು.

ಮೂರು ದಾರಿ, ಮೂರು ಲೆಕ್ಕ

ಇಲ್ಲಿ ಹೇಳುವ ಮೊತ್ತಗಳು ನಮ್ಮ ಒಂದು ಕಾರಿನವು. ಬೆಲೆಪಟ್ಟಿ ಅಂತ ಹಿಡಿಯಬೇಡಿ, ಅನುಪಾತ ನೋಡಿ.

ಇಡಿಯಾಗಿ ಮಾರಲು ಮೊದಲು ಹಾಕಿದ್ದು 45,000 ಡಾಲರ್. 75ರಿಂದ ಅಲ್ಲಿಗೆ ಇಳಿಸಲು ನನಗೆ ಮೂರು ವಾರ, ಅವರ ಮನೆಯವರಿಗೆ ಮೂರು ನಿಮಿಷ ಬೇಕಾಯಿತು. ಬಂದ ಕೇಳಿಕೆಗಳು ಮೂರು. ಒಬ್ಬ 34,000 ಅಂದ. ಇನ್ನೊಬ್ಬ 36,500, ಆದರೆ ಬ್ಯಾಂಕ್ ಸಾಲ ಸಿಕ್ಕರೆ ಮಾತ್ರ. ಮೂರನೆಯವನು 20,000 ನಗದು ಜೊತೆಗೆ ಒಂದು ಮೀನು ಹಿಡಿಯುವ ದೋಣಿ ಕೊಡುತ್ತೇನೆ ಅಂದ. ಅಮೆರಿಕದಲ್ಲಿ ಇದು ಜೋಕ್ ಅಲ್ಲ. ರೇಸ್ ಕಾರು ಮಾರಲು ಹೊರಟವನಿಗೆ ದೋಣಿ, ಟ್ರ್ಯಾಕ್ಟರು, ಇನ್ನೊಂದು ಮುರುಕಲು ಕಾರು ಎಲ್ಲ ಬರುತ್ತವೆ. ಆ ದೋಣಿಯನ್ನು ನೀವು ಮತ್ತೆ ಮಾರಬೇಕು ಅನ್ನುವುದನ್ನು ಮರೆಯಬೇಡಿ.

ಇಡಿಯಾಗಿ ಮಾರುವುದರಲ್ಲಿ ಒಂದು ಸುಖ ಇದೆ: ಒಂದೇ ಗಿರಾಕಿ, ಒಂದೇ ದಿನ, ಗ್ಯಾರೇಜು ಖಾಲಿ. ಆದರೆ ನಿಮ್ಮ ರುಚಿಯೇ ಅವನ ರುಚಿಯೂ ಆಗಿರಬೇಕು. ರೇಸಿನವರಲ್ಲಿ ಬಹಳ ಜನಕ್ಕೆ ಸ್ವಂತ ಇಂಜಿನ್ ಇರುತ್ತದೆ. ಹಳೇ ಕಾರು ಗೋಡೆಗೆ ಗುದ್ದಿದ್ದರೂ ಇಂಜಿನ್ ಉಳಿದಿರುತ್ತದೆ. ಅಂಥವನಿಗೆ ನಿಮ್ಮ ಬಿಗ್ ಬ್ಲಾಕ್ ಹೊರೆ. ಮೇಲಾಗಿ ಬೇರೆಯವನು ಜೋಡಿಸಿದ ಇಂಜಿನ್ ಮೇಲೆ ಯಾರಿಗೂ ಪೂರ್ತಿ ನಂಬಿಕೆ ಇರುವುದಿಲ್ಲ. ಎಷ್ಟು ಓಟ ಆಗಿದೆ, ವಾಲ್ವ್ ಸ್ಪ್ರಿಂಗ್ ಯಾವಾಗ ಬದಲಾಯಿಸಿದ್ದು, ಒಳಗಿನ ರಾಡ್‌ಗಳು ಯಾವುವು ಅಂತ ಕೇಳಿ ಕೇಳಿ, ಕೊನೆಗೆ ಅನುಮಾನಕ್ಕೇ ಐದು ಸಾವಿರ ಕಡಿಮೆ ಮಾಡುತ್ತಾರೆ.

ರೋಲರ್ ಮಾಡಿದಾಗ ಈ ಅನುಮಾನ ಬೇರೆಯಾಗುತ್ತದೆ. ಕಾರು ಕೊಳ್ಳುವವನು ಚಾಸಿ ನೋಡುತ್ತಾನೆ. ಇಂಜಿನ್ ಕೊಳ್ಳುವವನು ಇಂಜಿನ್ ನೋಡುತ್ತಾನೆ. ನಮಗೆ ರೋಲರ್‌ಗೆ 19,000, ಇಂಜಿನ್ನಿಗೆ 15,500, ಗೇರ್‌ಬಾಕ್ಸ್ ಮತ್ತು ಕನ್ವರ್ಟರಿಗೆ 3,000 ಅಂತ ಕೇಳಿಕೆ ಬಂತು. ಒಟ್ಟು 37,500. ಇಡಿ ಕಾರಿಗಿಂತ ಸಾವಿರ ಜಾಸ್ತಿ ಅಷ್ಟೇ, ಅದೂ ಐದು ತಿಂಗಳಲ್ಲಿ. ಆದರೆ ಗಿರಾಕಿಗಳು ಗಟ್ಟಿ, ಸಾಲದ ರಗಳೆ ಇಲ್ಲ.

ಬಿಚ್ಚಿ ಮಾರುವ ಲೆಕ್ಕ ಕಾಗದದ ಮೇಲೆ ಬಲು ಚೆಂದ. ನಾನೇ ಕೂತು ಬರೆದೆ: 43,000. ಇಂಜಿನ್, ಆಕ್ಸಲ್, ಶಾಕ್ ಅಬ್ಸಾರ್ಬರ್, ಕಾರ್ಬ್ಯುರೇಟರ್, ಚಕ್ರ, ಸೀಟು, ಮೀಟರುಗಳು. ಬ್ರ್ಯಾಂಡ್ ಇರುವ ಬಿಡಿಭಾಗ ಬೇಗ ಹೋಗುತ್ತದೆ, ನಿಜ. ಆದರೆ ಕಾರಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಶ್ರಮ ಬಿದ್ದಿದ್ದದ್ದು ರೋಲ್ ಕೇಜಿನ, ಅಂದರೆ ಚಾಲಕನ ಸುತ್ತಲಿನ ಕೊಳವೆ ಪಂಜರದ, ವೆಲ್ಡಿಂಗಿಗೆ. ಅದನ್ನು ಬಿಚ್ಚಲು ಬರುವುದಿಲ್ಲ. ಎಲ್ಲ ಕಿತ್ತ ಮೇಲೆ ಉಳಿಯುವ ಬರಿ ಮೈಯನ್ನು ಅಗ್ಗಕ್ಕೆ ಕೊಡಬೇಕು, ಇಲ್ಲ ಗುಜರಿಗೆ ಹಾಕಬೇಕು. ಅರವತ್ತು ಪಾರ್ಸೆಲ್ ಕಟ್ಟಬೇಕು. ಅರವತ್ತು ಜನರ ಜೊತೆ ಚೌಕಾಸಿ ಮಾಡಬೇಕು. ಚೆನ್ನಾಗಿರುವುದೆಲ್ಲ ಮೊದಲ ತಿಂಗಳು ಹೋಗಿ, ಯಾರಿಗೂ ಬೇಡವಾದದ್ದು ಮೂಲೆಯಲ್ಲಿ ಕೂರುತ್ತದೆ.

ನನ್ನ ಅಭಿಪ್ರಾಯ ಹೀಗಿದೆ. ಚಾಸಿ ಸರ್ಟಿಫಿಕೇಟು ಜೀವಂತವಿದ್ದು, ಕಾರು 9ರಿಂದ 11 ಸೆಕೆಂಡಿನ ನಡುವೆ ಓಡುತ್ತಿದ್ದರೆ ಇಡಿಯಾಗಿ ಪ್ರಯತ್ನಿಸಿ, ಮೂರು ತಿಂಗಳು ಕೊಡಿ. ಇಂಜಿನ್ ವಿಚಿತ್ರದ್ದಾಗಿದ್ದರೆ, ಅಥವಾ ಇಂಜಿನ್ನಿಗೇ ಕಾರಿಗಿಂತ ಬೆಲೆ ಜಾಸ್ತಿ ಇದ್ದರೆ, ರೋಲರ್ ಮಾಡಿ. ಬಿಚ್ಚುವುದು ಚಾಸಿ ಬಗ್ಗಿದ್ದರೆ, ತುಕ್ಕು ಹಿಡಿದಿದ್ದರೆ, ಇಲ್ಲವೇ ಕೇಜ್ ಈಗಿನ ನಿಯಮಕ್ಕೆ ಸಲ್ಲದಿದ್ದರೆ ಮಾತ್ರ. ಓಡುವ ಒಳ್ಳೇ ಕಾರನ್ನು ಆರು ಸಾವಿರದ ಆಸೆಗೆ ಬಿಚ್ಚುವುದು ನನಗೆ ಇಷ್ಟವಾಗದ ಕೆಲಸ. ಇದರಲ್ಲಿ ಸ್ವಲ್ಪ ಭಾವನೆಯೂ ಸೇರಿದೆ, ಒಪ್ಪುತ್ತೇನೆ.

ಒಂದು ಮಾತು ಮೂರಕ್ಕೂ ಸಲ್ಲುತ್ತದೆ: ಟ್ರೇಲರನ್ನು ಕಾರಿನ ಜೊತೆ ಸೇರಿಸಬೇಡಿ. ರೇಸ್ ಕಾರಿಗೆ ಗಿರಾಕಿ ನೂರರಲ್ಲಿ ಒಬ್ಬ. ಮುಚ್ಚಿದ ಟ್ರೇಲರ್ ಅಂದರೆ ಹುಲ್ಲು ಕತ್ತರಿಸುವವನಿಗೂ ಬೇಕು, ಮನೆ ಸಾಮಾನು ಸಾಗಿಸುವವನಿಗೂ ಬೇಕು. ನಮ್ಮದು ನಾಲ್ಕೇ ದಿನಕ್ಕೆ ಹೋಯಿತು.

ಕಂಪನಿಯೇ ಕಟ್ಟಿದ ಡ್ರ್ಯಾಗ್ ಕಾರಿದ್ದರೆ ಈ ಲೆಕ್ಕವೆಲ್ಲ ಬೇರೆ. ಶೆವರ್ಲೆಯವರು 1969ರಲ್ಲಿ ಅಲ್ಯುಮಿನಿಯಂ ಇಂಜಿನ್ನಿನ ಝೆಡ್‌ಎಲ್1 ಕಮಾರೊ ಮಾಡಿದ್ದು 69 ಮಾತ್ರ. ಅದರ ನೆನಪಿಗೆ 2012ರಲ್ಲಿ ಕೋಪೊ ಕಮಾರೊ ತಂದಾಗಲೂ 69ಕ್ಕೇ ನಿಲ್ಲಿಸಿದರು. ಅಂಥವನ್ನು ಓಡಿಸಲು ಅಲ್ಲ, ಇಟ್ಟುಕೊಳ್ಳಲು ಕೊಳ್ಳುವವರೂ ಇದ್ದಾರೆ. ಅವಕ್ಕೆ ಹರಾಜೇ ಸರಿ. ಬಿಚ್ಚುವ ಮಾತೇ ಇಲ್ಲ.

ಎಲ್ಲಿ ಮಾರುವುದು

ಹರಾಜಿನಲ್ಲಿ ಮಾರುವವನಿಂದಲೂ ಕಮಿಷನ್, ಕೊಳ್ಳುವವನಿಂದಲೂ ಕಮಿಷನ್. ಅಲ್ಲಿ ಕೂತವರು ಹೊಳೆಯುವ ಹಳೇ ಕಾರುಗಳನ್ನು ನೋಡಲು ಬಂದಿರುತ್ತಾರೆ. ಮನೆಯಲ್ಲಿ ಕಟ್ಟಿದ ಬ್ರ್ಯಾಕೆಟ್ ಕಾರಿಗೆ ಅಲ್ಲಿ ಬೆಲೆ ಸಿಗುವುದು ಕಷ್ಟ. ಡೀಲರ್ ಬಳಿ ನಿಲ್ಲಿಸಿದರೆ ತಲೆನೋವು ಕಡಿಮೆ, ಆದರೆ ಅವನ ಪಾಲು ಮತ್ತು ಜಾಗದ ಬಾಡಿಗೆ ನಿಮ್ಮ ಲೆಕ್ಕದಿಂದ. ರೇಸಿಂಗ್‌ಜಂಕ್ ಥರದ ರೇಸಿನವರದ್ದೇ ಜಾಹೀರಾತು ತಾಣದಲ್ಲಿ ದೂರದ ಊರಿನ ಗಿರಾಕಿ ಸಿಗುತ್ತಾನೆ, ನಿಧಾನವಾಗಿ. ಫೇಸ್‌ಬುಕ್ ಗುಂಪಿನಲ್ಲಿ ಹತ್ತು ನಿಮಿಷಕ್ಕೆ ನಲವತ್ತು ಪ್ರಶ್ನೆ ಬರುತ್ತವೆ. ಅದರಲ್ಲಿ ಮೂವತ್ತೆಂಟು ಜನಕ್ಕೆ ಸುಮ್ನೆ ಮಾತು ಬೇಕಿರುತ್ತದೆ.

ನಮಗೆ ಕೆಲಸ ಮಾಡಿದ್ದು ಟ್ರ್ಯಾಕೇ. ಅಭ್ಯಾಸದ ದಿನ ಕಾರನ್ನು ಒಯ್ದು, ಗಾಜಿನ ಮೇಲೆ ಬೆಲೆ ಬರೆದು, ಓಡಿಸಿ ತೋರಿಸಿದೆವು. ಓಡುವ ಕಾರನ್ನು ಕಣ್ಣಾರೆ ಕಂಡವನು ಚೌಕಾಸಿ ಕಡಿಮೆ ಮಾಡುತ್ತಾನೆ. ಒಂದು ಎಚ್ಚರ: ಗಿರಾಕಿ ಕೈಗೆ ಸ್ಟೀರಿಂಗ್ ಕೊಡಬೇಡಿ. ಅವನಿಗೆ ಲೈಸೆನ್ಸ್ ಇಲ್ಲದಿರಬಹುದು, ಗುದ್ದಿದರೆ ಯಾರ ತಲೆಗೆ? ಅವನು ಗೋಡೆಯ ಆಚೆ ನಿಲ್ಲಲಿ, ನೀವು ಓಡಿಸಿ.

ಕಾಲವೂ ಮುಖ್ಯ. ಸೀಸನ್ ಶುರುವಾಗುವ ಮೊದಲು, ಫೆಬ್ರವರಿ ಮಾರ್ಚಿನಲ್ಲಿ, ಎಲ್ಲರ ಕೈ ತುರಿಸುತ್ತಿರುತ್ತದೆ. ಗಾಳಿ ಬಂದಾಗ ತೂರಿಕೊಳ್ಳಬೇಕು. ನವೆಂಬರಿನಲ್ಲಿ ಬರುವವನು ಅಗ್ಗಕ್ಕೆ ಹುಡುಕಿಕೊಂಡೇ ಬಂದಿರುತ್ತಾನೆ.

ಬೆಂಗಳೂರಿನ ಗೆಳೆಯನೊಬ್ಬ ಇದನ್ನು ಅಲ್ಲಿಗೇ ತರಿಸಬಹುದಲ್ವಾ ಅಂತ ಕೇಳಿದ. ಭಾರತಕ್ಕೆ ಬಳಸಿದ ಕಾರು ತರಬೇಕಾದರೆ ಸಾಮಾನ್ಯ ನಿಯಮದ ಪ್ರಕಾರ ಅದು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಮ್ಮ ನೋವಾಗೆ ಐವತ್ತು ದಾಟಿದೆ, ಸ್ಟೀರಿಂಗ್ ಎಡಗಡೆ. ಐವತ್ತು ದಾಟಿದ ವಿಂಟೇಜ್ ಕಾರುಗಳಿಗೆ ಬೇರೆ ನಿಯಮ ಇದೆ, ಆದರೆ ಇಷ್ಟು ಕತ್ತರಿಸಿ ಕಟ್ಟಿದ ಕಾರಿಗೆ ಅದು ಸಲ್ಲುವುದು ಅನುಮಾನ.

ಗಿರಾಕಿ ಬೆರಳಿಡುವ ಜಾಗಗಳು

ಬಂದವನು ಬಣ್ಣ ನೋಡುವುದಿಲ್ಲ, ಮೊದಲು ಸೀಟ್ ಬೆಲ್ಟಿನ ಚೀಟಿ ನೋಡುತ್ತಾನೆ. ರೇಸ್ ಬೆಲ್ಟಿನ ಆಯುಸ್ಸು ತಯಾರಾದ ದಿನದಿಂದ ಎರಡು ವರ್ಷ. ಚಾಸಿ ಸರ್ಟಿಫಿಕೇಟಿನ ಸ್ಟಿಕ್ಕರಿಗೆ, ನಮ್ಮಂಥ ಕಾರಿಗಾದರೆ, ಮೂರು ವರ್ಷ. ಎರಡೂ ಮುಗಿಯುತ್ತಾ ಬಂದಿದ್ದರೆ ಮಾರುವ ಮೊದಲೇ ಹೊಸದು ಮಾಡಿಸಿ. ಕೆಲವು ನೂರು ಡಾಲರಿನ ಕೆಲಸ ಅದು. ಮಾಡದಿದ್ದರೆ ಗಿರಾಕಿ ಅದನ್ನೇ ನೆಪ ಮಾಡಿ ಸಾವಿರಗಟ್ಟಲೆ ಇಳಿಸುತ್ತಾನೆ.

ಆಮೇಲೆ ಕೇಜಿನ ಕೊಳವೆ. ಅದು ಸಾದಾ ಮೈಲ್ಡ್ ಸ್ಟೀಲೋ, ಕ್ರೋಮೊಲಿ ಅನ್ನುವ ಗಟ್ಟಿ ಮಿಶ್ರ ಉಕ್ಕೋ? ಕೇಜಿಗೆ ಮೈಲ್ಡ್ ಸ್ಟೀಲ್ ಆದರೆ ಗೋಡೆ 0.118 ಇಂಚು ದಪ್ಪ ಇರಬೇಕು, ಕ್ರೋಮೊಲಿ ಆದರೆ 0.083 ಸಾಕು. ಹಾಗಾಗಿ ಕ್ರೋಮೊಲಿ ಕಾರು ಹಗುರ, ಬೆಲೆಯೂ ಜಾಸ್ತಿ. ಆದರೆ ಕ್ರೋಮೊಲಿಯನ್ನು ಟಿಗ್ ವೆಲ್ಡಿಂಗಿನಲ್ಲೇ ಬೆಸೆಯಬೇಕು. ಯಜಮಾನರ ಬೆಸುಗೆ ಒಂದೇ ಅಳತೆಯಲ್ಲಿ ಪೋಣಿಸಿದ ನಾಣ್ಯದ ಸಾಲಿನಂತಿದೆ. ಬಂದವರೆಲ್ಲ ಅದರ ಮೇಲೆ ಕೈ ಆಡಿಸಿ ಹೊಗಳಿದರು. ನನಗೆ ದಾವಣಗೆರೆಯ ಅಂಗಡಿ ನೆನಪಾಯಿತು.

ಇಂಜಿನ್ನಿಗೆ ಲೀಕ್‌ಡೌನ್ ಟೆಸ್ಟ್ ಅವನ ಎದುರಿಗೇ ಮಾಡಿ. ಪ್ರತಿ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ಅಳೆಯುವುದು. ಎಂಟೂ ಸಿಲಿಂಡರಿನ ಸಂಖ್ಯೆ ಹತ್ತಿರ ಹತ್ತಿರ ಇದ್ದರೆ ಬಾಯಿಮಾತು ಬೇಕಿಲ್ಲ.

ಕಾಗದದ ವಿಷಯದಲ್ಲಿ ನೋವಾದಂಥ ಕಾರಿಗೆ ಒಂದು ಅನುಕೂಲ. ಮೂಲ ಕಾರಿನ ನಂಬರು ಮತ್ತು ಟೈಟಲ್, ಅಂದರೆ ಮಾಲೀಕತ್ವದ ಕಾಗದ, ಉಳಿದಿದ್ದರೆ ಹೆಸರು ವರ್ಗಾವಣೆ ಸುಲಭ. ಪೂರ್ತಿ ಕೊಳವೆಯಿಂದ ಕಟ್ಟಿದ ಕಾರಿಗೆ ಸಾಮಾನ್ಯವಾಗಿ ಟೈಟಲ್ಲೇ ಇರುವುದಿಲ್ಲ, ಬಿಲ್ ಆಫ್ ಸೇಲ್ ಅನ್ನುವ ಮಾರಾಟ ಪತ್ರದ ಮೇಲೆ ವ್ಯವಹಾರ. ಎರಡರಲ್ಲೂ "ಇದ್ದ ಹಾಗೇ ಕೊಟ್ಟಿದೆ, ರೇಸಿಗೆ ಮಾತ್ರ" ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ.

ದುಡ್ಡಿನ ವಿಷಯದಲ್ಲಿ ನಾವು ಒಂದು ಸಲ ಮೋಸ ಹೋಗುವುದರಲ್ಲಿದ್ದೆವು. ಕಾರು ನೋಡದೆಯೇ ಒಬ್ಬ ಪೂರ್ತಿ ಬೆಲೆಗಿಂತ ಎರಡು ಸಾವಿರ ಜಾಸ್ತಿಯ ಕ್ಯಾಷಿಯರ್ಸ್ ಚೆಕ್, ಅಂದರೆ ಬ್ಯಾಂಕೇ ಬರೆದುಕೊಡುವ ಚೆಕ್, ಕಳಿಸಿದ. ಮಿಕ್ಕಿದ್ದನ್ನು ಸಾಗಣೆಯವನಿಗೆ ಕೊಡಿ ಅಂದ. ಚೆಕ್ ನಕಲಿ. ಬ್ಯಾಂಕು ಮೊದಲು ದುಡ್ಡು ಜಮಾ ತೋರಿಸಿ, ಕೆಲವು ದಿನ ಬಿಟ್ಟು ವಾಪಸ್ ಕಿತ್ತುಕೊಳ್ಳುತ್ತದೆ. ಆಗ ಕಳಿಸಿದ ಎರಡು ಸಾವಿರ ನಿಮ್ಮ ಜೇಬಿನದು. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ವೈರ್ ಆಗಿ ಬರಲಿ, ಇಲ್ಲ ಅವನ ಬ್ಯಾಂಕಿನ ಕೌಂಟರಿನಲ್ಲೇ ಇಬ್ಬರೂ ನಿಂತು ಮುಗಿಸಿ.

ಕೊನೆಗೆ ನಮ್ಮ ನೋವಾ ರೋಲರ್ ಆಗಿಯೇ ಹೋಯಿತು. ಟೆನೆಸೀಯ ಒಬ್ಬ ಹುಡುಗ ಅಪ್ಪನ ಜೊತೆ ಬಂದ, 18,500ಕ್ಕೆ ಕೈ ಕುಲುಕಿದರು. ಇಂಜಿನ್ ಆರು ವಾರ ಬಿಟ್ಟು ಜಾರ್ಜಿಯಾಕ್ಕೆ ಹೋಯಿತು. ಪವರ್‌ಗ್ಲೈಡ್ ಮಾತ್ರ ಯಜಮಾನರು ಕೊಡಲಿಲ್ಲ. ಯಾಕೆ ಅಂದರೆ, "ಮುಂದಿನ ಕಾರಿಗೆ ಬೇಕಲ್ಲ" ಅಂದರು. ಅವರ ಮನೆಯವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಅದು ಈಗ ನನ್ನ ಗ್ಯಾರೇಜಿನಲ್ಲಿ, ಅಕ್ಕಿ ಮೂಟೆಯ ಪಕ್ಕ, ಹಳೇ ಬೆಡ್‌ಶೀಟ್ ಹೊದ್ದು ಕೂತಿದೆ.